ಜಗಳಕ್ಕೆ ಮೀಸಲಿಟ್ಟ ದಿನಗಳು

ಆ ಮನೆಯಲ್ಲಿ ಸೋಮವಾರ, ಬುಧವಾರ ಮತ್ತು ಶುಕ್ರವಾರ ಯಾರೂ ಜಗಳವಾಡುವಂತಿರಲಿಲ್ಲ. ಅದು ಅತ್ತೆ ಮಾಡಿದ ಕಾನೂನು. ಅತ್ತೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತರಾದವರು. ಹಾಸ್ಟೆಲು ಬಿಟ್ಟು ಬಂದರೂ ಕಾನೂನು ಮಾಡುವ ಚಟ ಅವರನ್ನು ಬಿಟ್ಟಿರಲಿಲ್ಲ. ಟವೆಲ್ಲು ಯಾವ ಕಡೆ ಒಣಗಬೇಕು, ಬ್ರೆಡ್ಡಿನ ಪೊಟ್ಟಣವನ್ನು ಯಾರು ಒಡೆಯಬೇಕು, ಊಟದ ಮೇಜಿನ ಮೇಲೆ ಏನಿಡಬಾರದು, ಎಲ್ಲಕ್ಕೂ ಒಂದೊಂದು ಕಾನೂನು. ಮಾವ ಬಸ್ ಕಂಡಕ್ಟರ್ ಆಗಿದ್ದವರು. ಕಾನೂನುಗಳನ್ನು ಕೇಳಿಸಿಕೊಂಡು ತಲೆಯಾಡಿಸಿ, ಟವೆಲ್ಲನ್ನು ಕುರ್ಚಿಯ ಮೇಲೇ ಬಿಸಾಕುವವರು.

ಆದರೆ ಈ ಒಂದು ಕಾನೂನನ್ನು ಮಾತ್ರ ಎಲ್ಲರೂ ಪಾಲಿಸುತ್ತಿದ್ದರು. ಸೊಸೆ ಸರ್ಜರಿ ಕಲಿಯುತ್ತಿದ್ದ ಡಾಕ್ಟರು. ಆ ಮೂರು ದಿನ ಆಪರೇಷನ್ ಥಿಯೇಟರಿನಲ್ಲಿ ಅವಳ ಕೆಲಸ. ಸರ್ಜರಿಗೆ ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ ಹಾಲು ಉಕ್ಕಿಸಿದ್ದಕ್ಕೆ ಅತ್ತೆ ನಾಲ್ಕು ಮಾತು ಅಂದಿದ್ದರು, ಅವಳು ಎಂಟು ಮಾತು ಅಂದಿದ್ದಳು. ಅವತ್ತು ಥಿಯೇಟರಿನಲ್ಲಿ ಅವಳ ಕೈ ನಡುಗಿ, ದೊಡ್ಡ ಡಾಕ್ಟರು ಅವಳನ್ನು ಹೊರಗೆ ಕಳಿಸಿಬಿಟ್ಟರು. ಸಂಜೆ ಅವಳು ಇದನ್ನು ಹೇಳಿಕೊಂಡು ಅತ್ತಾಗ ಅತ್ತೆಯ ಮುಖ ಬಿಳುಚಿಕೊಂಡಿತು. ಹಾಲಿನ ವಿಷಯಕ್ಕೆ ಯಾರದೋ ಹೊಟ್ಟೆಯ ಮೇಲೆ ಕತ್ತಿ ಜಾರಬಹುದಿತ್ತಲ್ಲ! ಅಂದೇ ಕಾನೂನು ಜಾರಿಗೆ ಬಂತು.

ಅಂದಿನಿಂದ ಆಪರೇಷನ್ ದಿನಗಳಲ್ಲಿ ಮನೆ ಓದುವ ಕೋಣೆಯಂತೆ ಇರುತ್ತಿತ್ತು. ಬೇಯಿಸಿದ ಮೊಟ್ಟೆ ಸುಲಿದೇ ತಟ್ಟೆಗೆ ಬರುತ್ತಿತ್ತು. ಮೊಮ್ಮಗಳು ಪುಟ್ಟಿಗೆ ಜಡೆ ಹಾಕುವುದೂ ಅತ್ತೆಯೇ. ಮಾವ ರೇಡಿಯೊ ಹಾಕುತ್ತಿರಲಿಲ್ಲ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದರೂ ಅತ್ತೆ ನುಂಗಿಕೊಳ್ಳುತ್ತಿದ್ದರು. ನುಂಗಿದ್ದನ್ನು ಮರೆಯುತ್ತಿದ್ದರು ಎಂದು ಮಾತ್ರ ಯಾರೂ ತಿಳಿಯಬಾರದು. ಎಲ್ಲವನ್ನೂ ಕೂಡಿಟ್ಟುಕೊಂಡು ಮಂಗಳವಾರ, ಗುರುವಾರ ಬಡ್ಡಿ ಸಮೇತ ಕೊಡುತ್ತಿದ್ದರು. ಯಾಕೆಂದರೆ ಆ ಎರಡು ದಿನ ಸೊಸೆಗೆ ಲ್ಯಾಬು.

ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಅವಳ ಸಂಶೋಧನೆ ನಡೆಯುತ್ತಿತ್ತು. ಸರ್ಜರಿಯ ಜೊತೆಗೇ ಅದನ್ನೂ ಮುಗಿಸಿದರೆ ಮುಂದೆ ಆಪರೇಷನ್ನೂ ಮಾಡಬಹುದು, ಪಾಠವನ್ನೂ ಹೇಳಬಹುದು, ಹೊಸದನ್ನೂ ಹುಡುಕಬಹುದು. ಇಂಥ ಅವಕಾಶ ಸಿಗುವುದು ಕೆಲವರಿಗೆ ಮಾತ್ರ. ಕರುಳನ್ನು ಕತ್ತರಿಸಿ ಸೇರಿಸಿ ಹೊಲಿದ ಮೇಲೆ ಕೆಲವರಲ್ಲಿ ಆ ಹೊಲಿಗೆ ಯಾಕೆ ಬಿಟ್ಟುಕೊಳ್ಳುತ್ತದೆ ಎಂಬುದು ಅವಳ ವಿಷಯ. ಅತ್ತೆ ಒಮ್ಮೆ ಕೇಳಿದ್ದರು.

"ಸರಿಯಾಗಿ ಹೊಲಿದ್ರೆ ಯಾಕಮ್ಮ ಬಿಟ್ಕೊಳ್ಳುತ್ತೆ?"

"ಸರಿಯಾಗಿ ಹೊಲಿದ್ರೂ ಬಿಟ್ಕೊಳ್ಳುತ್ತೆ ಅತ್ತೆ. ಯಾಕೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ."

"ಯಾರಿಗೂ ಗೊತ್ತಿಲ್ಲ ಅಂದ್ರೆ ಅರ್ಜೆಂಟೇನಿಲ್ಲ ಬಿಡು," ಎಂದು ಅತ್ತೆ ಬಟಾಣಿ ಸುಲಿಯಲು ಕೂತರು.

ಹೀಗೆ ಲ್ಯಾಬಿನ ದಿನವೆಂದರೆ ಅರ್ಧ ರಜೆಯ ದಿನ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಅಲ್ಲಿ ಯಾರೂ ಹೊಟ್ಟೆ ಬಿಚ್ಚಿಕೊಂಡು ಮಲಗಿರುವುದಿಲ್ಲ. ಗಾಜಿನ ಸೀಸೆಗಳು ಎಲ್ಲಿಗೆ ಓಡಿಹೋಗುತ್ತವೆ? ನಲ್ಲಿ ರಿಪೇರಿಯವನು ಬರುವುದು ಮಂಗಳವಾರ. ಪುಟ್ಟಿಯ ಸ್ಕೂಲಿನ ಮೀಟಿಂಗಿಗೆ ಗುರುವಾರವೇ ಸಮಯ ಕೇಳುತ್ತಿದ್ದರು. ಮಾವನ ಕಣ್ಣು, ಅತ್ತೆಯ ಮಂಡಿ, ಗ್ಯಾಸಿನ ಅಂಗಡಿ, ಎಲ್ಲವೂ ಆ ಎರಡು ದಿನಗಳಿಗೇ. ಬೆಳಗಿನ ತಿಂಡಿಯ ಹೊತ್ತಿಗೇ ಜಗಳ ಶುರು.

"ಸೋಮವಾರ ಬಾತ್‌ರೂಮಿನ ದೀಪ ಯಾರು ಆರಿಸಲಿಲ್ಲ?"

"ನಾನೇ ಇರಬೇಕು ಅತ್ತೆ."

"ಇರಬೇಕು ಅಂತಲ್ಲ, ನೀನೇ. ಅವತ್ತೇ ಹೇಳೋಣ ಅಂತಿದ್ದೆ. ಆಪರೇಷನ್ ದಿನ ಅಂತ ಬಾಯಿ ಮುಚ್ಕೊಂಡೆ. ಇನ್ನು ಹೋದ ಶುಕ್ರವಾರದ್ದು ಕೇಳು."

"ಅತ್ತೆ, ನನಗೆ ಹೊತ್ತಾಯ್ತು."

"ಲ್ಯಾಬಿಗೆ ತಾನೆ!"

ಸೊಸೆಯೂ ಬಾಯಿಸತ್ತವಳೇನಲ್ಲ. ಎದುರು ಮಾತು, ಬಾಗಿಲು ಬಡಿಯುವುದು, ಅರ್ಧ ತಿಂದ ಬ್ರೆಡ್ಡು ಬಿಟ್ಟು ಹೋಗುವುದು ಎಲ್ಲ ಆಗುತ್ತಿತ್ತು. ಗಂಡ ಸ್ಕೂಲು ಮೇಷ್ಟ್ರು. ತಾಯಿ ಮತ್ತು ಹೆಂಡತಿಯ ನಡುವೆ ನೋಟ್‌ಬುಕ್ಕುಗಳ ಕಟ್ಟು ಇಟ್ಟುಕೊಂಡು ತಿದ್ದುತ್ತ ಕೂರುತ್ತಿದ್ದ. ಕೆಂಪು ಪೆನ್ನು ಹಿಡಿದವನನ್ನು ಯಾರೂ ಮಾತಾಡಿಸುವುದಿಲ್ಲ ಎಂಬುದು ಅವನು ಜೀವನದಲ್ಲಿ ಕಂಡುಕೊಂಡ ಸತ್ಯ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಸೊಸೆ ಹೇಳಿದಳು:

"ಲ್ಯಾಬಿನ ಪ್ರೊಫೆಸರ್ ಮೇಡಂ ಕರೆದಿದ್ರು. ಮುಂದಿನ ತಿಂಗಳು ಕಮಿಟಿ ಸಭೆ ಇದೆ. ಇಷ್ಟು ಹೊತ್ತಿಗೆ ಮುಗೀಬೇಕಾಗಿದ್ದ ಕೆಲಸ ಅರ್ಧಾನೂ ಆಗಿಲ್ಲ. ಒಂದೋ ರಿಸರ್ಚ್ ಬಿಟ್ಟು ಬರೀ ಸರ್ಜರಿ ಮುಗಿಸು, ಇಲ್ಲ ಅಂದ್ರೆ ಒಂದು ವರ್ಷ ಜಾಸ್ತಿ ಕೇಳು ಅಂದ್ರು. ಕೇಳಿದ್ರೂ ಕೊಡ್ತಾರೆ ಅಂತೇನಿಲ್ಲ."

ಮಾವ ಸೂಪಿನ ಚಮಚ ಕೆಳಗಿಟ್ಟರು. "ನೀನೇನಂತೀಯ?"

"ಬಿಡೋದೇ ಅಂದ್ಕೊಂಡಿದೀನಿ."

"ಒಳ್ಳೆಯದಾಯ್ತು!" ಎಂದರು ಅತ್ತೆ, ನಿಜವಾಗಿಯೂ ಹಗುರಾಗಿ. "ನಿನ್ನ ಕೈ ಎಷ್ಟು ಚೆನ್ನಾಗಿದೆ ಅಂತ ಎಲ್ಲಾರೂ ಹೇಳ್ತಾರೆ. ಸುಮ್ಮನೆ ಆ ಸೀಸೆಗಳ ಮಧ್ಯೆ ಯಾಕೆ ಒದ್ದಾಡ್ತೀಯ? ಮುಖ ನೋಡಿಕೋ, ಹೇಗಾಗಿದೆ."

ಮೇಷ್ಟ್ರು ಬಟಾಣಿಯನ್ನು ತಟ್ಟೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ.

ಪಾತ್ರೆ ತೊಳೆಯುವಾಗ ಸೊಸೆ ಅವನನ್ನು ಹಿಡಿದು ಕೇಳಿದಳು.

"ನೀವು ಒಂದು ಮಾತೂ ಆಡಲಿಲ್ಲ."

"ನಿನ್ನ ಇಷ್ಟ ಅಂತ ಸುಮ್ಮನಿದ್ದೆ. ನಾನು ಅಡ್ಡ ಬರಲಿಲ್ಲವಲ್ಲ."

"ಅಡ್ಡ ಬರೋದು ಬೇರೆ, ಪಕ್ಕಕ್ಕೆ ಬರೋದು ಬೇರೆ ರೀ. ನೀವು ಸ್ಕೂಲು ಮೇಷ್ಟ್ರು. ಆದ್ರೂ ಪುಟ್ಟಿ ಸ್ಕೂಲಿಗೆ ನಾನೇ ಹೋಗಬೇಕು. ಯಾಕೆ ಹೇಳಿ?"

"ಗುರುವಾರ ನಿನಗೆ ಲ್ಯಾಬು..." ಎಂದು ಅವನು ಅರ್ಧಕ್ಕೇ ನಿಲ್ಲಿಸಿದ. ಅವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಮುಂದಿನ ಎರಡು ವಾರ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಮಂಗಳವಾರ ಅತ್ತೆ ದೂರುಗಳನ್ನು ಬಿಚ್ಚಿದರೆ ಸೊಸೆ "ಸರಿ ಅತ್ತೆ" ಎನ್ನುತ್ತಿದ್ದಳು. ಗುರುವಾರವೂ "ಆಗಲಿ ಅತ್ತೆ". ನಲ್ಲಿಯವನಿಗೆ ಕಾಯಿ ಎಂದರೆ ಕಾದಳು. ಕಾದಿದ್ದಕ್ಕೆ ಮುಖ ಗಂಟಿಕ್ಕಲಿಲ್ಲ. ಬಾಗಿಲು ಬಡಿಯಲಿಲ್ಲ. ಅತ್ತೆಗೆ ಗೆದ್ದ ಖುಷಿ ಎರಡು ದಿನವೂ ಉಳಿಯಲಿಲ್ಲ. ಎದುರಿಗೆ ಗೋಡೆಯಿದ್ದರೆ ಯಾರು ಎಷ್ಟು ಹೊತ್ತು ಜಗಳವಾಡಲು ಸಾಧ್ಯ?

"ಇವಳು ಯಾಕೆ ತಿರುಗಿ ಮಾತಾಡ್ತಿಲ್ಲ?" ಎಂದು ಗಂಡನನ್ನು ಕೇಳಿದರು.

"ನಿನಗೆ ಬೇಕಾಗಿದ್ದು ಅದೇ ತಾನೆ?" ಎಂದರು ಮಾವ. "ಬಾಯಿ ಮುಚ್ಚಿಸೋಕೆ ಐದು ವರ್ಷ ಒದ್ದಾಡ್ದೆ. ಈಗ ಮುಚ್ಚಿದ್ಲು ಅಂತ ಕೊರಗ್ತೀಯಲ್ಲೇ."

"ಮೈಗೆ ಹುಷಾರಿಲ್ಲವೇನೋ."

"ಡಾಕ್ಟರು ಅವಳು, ನೀನಲ್ಲ."

ಅದರ ಮರುವಾರದ ಗುರುವಾರ ಅತ್ತೆಯ ಮಂಡಿ ಜೋರಾಗಿ ಹಿಡಿದುಕೊಂಡಿತು. ಮೂಳೆ ಡಾಕ್ಟರು ಇರುವುದು ಸೊಸೆಯ ಆಸ್ಪತ್ರೆಯಲ್ಲೇ. ಅವಳು ಜೊತೆಗಿದ್ದರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಫೋನು ಮಾಡುವ ಗೋಜಿಗೂ ಹೋಗದೆ ಅತ್ತೆ ಟ್ಯಾಕ್ಸಿ ಹಿಡಿದು ಹೊರಟರು. ಲ್ಯಾಬಿನಲ್ಲಿ ಹೇಗೂ ಖಾಲಿ ಕೂತಿರುತ್ತಾಳೆ ಎಂಬ ಧೈರ್ಯ.

ಹಿಂದಿನ ಕಟ್ಟಡ ಅವರು ಅಂದುಕೊಂಡಷ್ಟು ಸುಲಭಕ್ಕೆ ಸಿಗಲಿಲ್ಲ. ಬಟ್ಟೆ ಒಗೆಯುವ ವಿಭಾಗ, ಆಮ್ಲಜನಕದ ಸಿಲಿಂಡರುಗಳ ಸಾಲು, ಆಮೇಲೊಂದು ಉದ್ದನೆಯ ಮೊಗಸಾಲೆ. ಗಾಜಿನ ಬಾಗಿಲ ಮೇಲೆ 'ಹೊರಗಿನವರಿಗೆ ಪ್ರವೇಶವಿಲ್ಲ' ಎಂದು ಬರೆದಿತ್ತು. ಬೇರೆಯವರ ಕಾನೂನಿಗೂ ಮರ್ಯಾದೆ ಕೊಡುವುದು ವಾರ್ಡನ್ನರ ಗುಣ. ಅತ್ತೆ ಹೊಸ್ತಿಲಲ್ಲೇ ನಿಂತು ಬೆರಳಿನಿಂದ ಗಾಜು ತಟ್ಟಿದರು.

ಒಳಗೆ ಸೊಸೆ ಮಾಸ್ಕು, ಕೈಗವಸು ಹಾಕಿಕೊಂಡು ಮೇಜಿನ ಮುಂದೆ ಬಾಗಿದ್ದಳು. ಪಕ್ಕದಲ್ಲಿ ಐಸು ತುಂಬಿದ ಡಬ್ಬಿ. ಅತ್ತೆಯನ್ನು ಕಂಡು ಬೆಚ್ಚಿಬಿದ್ದು ಬಾಗಿಲು ತೆರೆದಳು.

"ಏನಾಯ್ತು ಅತ್ತೆ? ಪುಟ್ಟಿಗೇನಾದ್ರೂ..."

"ಪುಟ್ಟಿಗೇನಾಗುತ್ತೆ? ಮಂಡಿ ಕಣೇ. ಮೂಳೆ ಡಾಕ್ಟರ ಹತ್ರ ಒಂದು ಮಾತು ಹೇಳಿಸಿ ಕರ್ಕೊಂಡು ಹೋಗು."

ಸೊಸೆ ಒಮ್ಮೆ ಡಬ್ಬಿಯ ಕಡೆ ನೋಡಿದಳು. ಆಮೇಲೆ, ಆ ಎರಡು ವಾರ ಮಾಡಿದಂತೆಯೇ, "ಆಗಲಿ ಅತ್ತೆ" ಎಂದು ಕೈಗವಸು ಬಿಚ್ಚತೊಡಗಿದಳು.

ಒಳಗಿನ ಕೋಣೆಯಿಂದ ಪ್ರೊಫೆಸರ್ ಬಂದರು. ಕೊರಳಿಗೆ ಕನ್ನಡಕ ನೇತುಹಾಕಿಕೊಂಡ ಹೆಂಗಸು, ಕೈಯಲ್ಲಿ ಪಾಠದ ಕಾಗದಗಳು.

"ಹೊರಟೆಯಾ? ಆ ಡಬ್ಬಿ?"

"ವಾಪಸ್ ಬರೋ ಹೊತ್ತಿಗೆ ಅದು ಕೆಲಸಕ್ಕೆ ಬರಲ್ಲ ಮೇಡಂ."

"ನನಗೆ ಈಗ ಕ್ಲಾಸಿದೆ, ನಾನೂ ಕೂರೋಕಾಗಲ್ಲ. ಸರಿ, ಎಸೆದುಬಿಡೋಣ. ಎಸೆಯೋದು ಇದೇನು ಮೊದಲನೇ ಸಲವಾ?" ಪ್ರೊಫೆಸರ್ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅತ್ತೆಗೆ ಅದೇ ಚುಚ್ಚಿತು.

"ಏನದು ಎಸೆಯೋದು?" ಎಂದು ಅವರು ಬಾಗಿಲಿನಿಂದಲೇ ಕೇಳಿದರು.

"ಕರುಳಿನ ಚೂರು," ಎಂದರು ಪ್ರೊಫೆಸರ್. "ಬೆಳಿಗ್ಗೆ ಒಬ್ಬರಿಗೆ ಆಪರೇಷನ್ ಆಯ್ತು. ತೆಗೆದ ಭಾಗದಲ್ಲಿ ಒಂದು ಅಂಚು ನಮಗೆ ಕೊಟ್ಟಿದ್ದಾರೆ. ಜೀವ ಇರೋವಾಗಲೇ ಕೆಲಸ ಶುರು ಮಾಡಬೇಕು. ತಡ ಆದ್ರೆ ಅದು ಬರೀ ಮಾಂಸ."

"ಯಾರದ್ದು?"

"ಹೆಸರು ನಮಗೂ ಗೊತ್ತಿರಲ್ಲ. ನಿಮ್ಮ ವಯಸ್ಸಿನವರು ಅಂತ ಮಾತ್ರ ಗೊತ್ತು. ಆಪರೇಷನ್‌ಗೆ ಹೋಗೋ ಮುಂಚೆ ವಾರ್ಡಿನವರು ಕೇಳಿದ್ರಂತೆ. ನನಗೆ ಉಪಯೋಗ ಆಗದಿದ್ರೂ ಮುಂದಿನವರಿಗಾದ್ರೂ ಆಗಲಿ, ತಗೊಳ್ಳಿ ಅಂದ್ರಂತೆ."

ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಆಪರೇಷನ್ನಿಗೆ ಹೋಗುವ ಭಯದಲ್ಲಿ, ಮಂಚದ ಮೇಲೆ ಮಲಗಿಕೊಂಡು, ಯಾರೋ ಮುಂದಿನವರನ್ನು ನೆನೆದಿದ್ದ ಜೀವ. ಲ್ಯಾಬಿನ ದಿನ ಯಾರೂ ಹೊಟ್ಟೆ ಬಿಚ್ಚಿಕೊಂಡು ಮಲಗಿರುವುದಿಲ್ಲ ಎಂದು ತಾವೇ ತಾವಾಗಿ ತೀರ್ಮಾನಿಸಿದ್ದು ಯಾವ ಧೈರ್ಯದ ಮೇಲೆ?

"ಕೈಗವಸು ಹಾಕ್ಕೋ," ಎಂದರು ಸೊಸೆಗೆ.

"ನಿಮ್ಮ ಮಂಡಿ ಅತ್ತೆ..."

"ನನ್ನ ಮಂಡಿ ಎಲ್ಲಿಗೂ ಓಡಿಹೋಗಲ್ಲ. ಓಡೋ ಹಾಗಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ? ಹಾಕ್ಕೋ ಅಂದೆ!"

ಹಾಸ್ಟೆಲಿನ ಹುಡುಗಿಯರು ಆ ದನಿಗೆ ದೀಪ ಆರಿಸುತ್ತಿದ್ದರಂತೆ. ಸೊಸೆ ಹೊಸ ಕೈಗವಸು ಹಾಕಿಕೊಂಡಳು. ಪ್ರೊಫೆಸರ್ ಕೂಡ ಒಂದು ಹೆಜ್ಜೆ ಹಿಂದೆ ಸರಿದರು.

ಅತ್ತೆ ಮೊಗಸಾಲೆಯ ಬೆಂಚಿನ ಮೇಲೆ ಕೂತರು. ಗಾಜಿನಾಚೆ ಸೊಸೆ ಆ ಚೂರನ್ನು ಕೂದಲಿನಷ್ಟು ಸೂಕ್ಷ್ಮವಾಗಿ ಕೊಯ್ಯುವುದು, ಬಣ್ಣದ ನೀರಿನಲ್ಲಿ ಅದ್ದುವುದು, ಯಂತ್ರದೊಳಗೆ ಇಡುವುದು ಕಾಣುತ್ತಿತ್ತು. ಅವಳು ಒಮ್ಮೆಯೂ ತಲೆ ಎತ್ತಲಿಲ್ಲ. ಊಟದ ಹೊತ್ತು ಮೀರಿತು. ಅತ್ತೆ ಕ್ಯಾಂಟೀನಿನಿಂದ ಎರಡು ಬನ್ನು ತಂದು, ತಮ್ಮದನ್ನು ತಿಂದು, ಅವಳದನ್ನು ಮಡಿಲಲ್ಲಿಟ್ಟುಕೊಂಡು ಕಾದರು. ಎಲ್ಲ ಮುಗಿಸಿ ಸೊಸೆ ಹೊರಬಂದು ಪಕ್ಕದಲ್ಲಿ ಕುಸಿದು ಕೂತಾಗ ಬನ್ನು ಕೊಟ್ಟು, ಅವಳು ತಿಂದಾದ ಮೇಲೆ ಕೇಳಿದರು:

"ಹೀಗೆ ಎಷ್ಟು ಎಸೆದಿದೀಯ?"

"ಬಿಡಿ ಅತ್ತೆ."

"ನಲ್ಲಿ ರಿಪೇರಿ ದಿನ?"

"ಅವತ್ತೂ ಒಂದು."

"ನಿಮ್ಮ ಮಾವನ ಕಣ್ಣು?"

ಅವಳು ತಲೆಯಾಡಿಸಿದಳು.

"ಬಾಯಿ ಇರಲಿಲ್ವಾ ನಿನಗೆ? ದೀಪದ ವಿಷಯಕ್ಕೆ ಅಷ್ಟುದ್ದ ಜಗಳ ಆಡ್ತೀಯ. ಇದನ್ನ ಒಂದು ಸಲ ಹೇಳೋಕಾಗಲಿಲ್ವಾ?"

"ಆಪರೇಷನ್ ದಿನ ನೀವು ಎಲ್ಲಾರೂ ನನ್ನನ್ನ ಅಂಗೈಯಲ್ಲಿಟ್ಟು ನೋಡ್ಕೋತೀರಿ," ಎಂದಳು ಸೊಸೆ. "ನನ್ನ ಜೊತೆ ಕಲಿಯೋ ಯಾರ ಮನೇಲೂ ಅಷ್ಟು ಇಲ್ಲ. ಮೂರು ದಿನ ತಗೊಂಡವಳು, ಇನ್ನೆರಡು ದಿನಾನೂ ಕೊಡಿ ಅಂತ ಯಾವ ಬಾಯಲ್ಲಿ ಕೇಳಲಿ ಅತ್ತೆ?"

ಅತ್ತೆ ಮಡಿಲಿಗೆ ಬಿದ್ದಿದ್ದ ಬನ್ನಿನ ಚೂರುಗಳನ್ನು ಕೊಡವಿದರು. ಆಮೇಲೆ ಕೇಳಿದರು: "ಬಿಡ್ತೀನಿ ಅಂತ ಆ ಮೇಡಂಗೆ ಹೇಳಿಯಾಗಿದೆಯಾ?"

"ಬಾಯಿಮಾತಲ್ಲಿ ಹೇಳಿದೀನಿ."

"ಬಾಯಿಮಾತಲ್ಲಿ ಹೇಳಿದ್ದನ್ನ ಬಾಯಿಮಾತಲ್ಲೇ ವಾಪಸ್ ತಗೋ. ಕಮಿಟಿ ಮುಂದೆ ಕೂತು ಕೇಳು. ಅವರು ಕೊಡದಿದ್ರೆ ಅದು ಅವರ ಹಣೆಬರಹ. ನಾವು ಬಿಡಿಸಿದ ಹಾಗೆ ಮಾತ್ರ ಆಗಬಾರದು."

"ಇನ್ನೂ ಒಂದು ವರ್ಷ ಅತ್ತೆ."

"ಹಾಸ್ಟೆಲಲ್ಲಿ ಒಂದೇ ಕ್ಲಾಸಿಗೆ ಮೂರು ವರ್ಷ ಕೂತವರನ್ನ ನೋಡಿದೀನಿ. ಅವರಿಗೂ ಊಟ ಹಾಕಿದೀನಿ."

ಆ ಸಂಜೆ ಊಟದ ಮೇಜಿನಲ್ಲಿ ಹೊಸ ಕಾನೂನು ಘೋಷಣೆಯಾಯಿತು. ಮಂಗಳವಾರ, ಗುರುವಾರವೂ ಜಗಳವಿಲ್ಲ, ಮನೆಗೆಲಸವಿಲ್ಲ.

"ಹಾಗಾದ್ರೆ ಜಗಳ ಯಾವಾಗ?" ಎಂದು ಕೇಳಿದವರು ಮಾವ.

"ಭಾನುವಾರ."

"ಭಾನುವಾರ ಒಂದೇ ದಿನದಲ್ಲಿ ನಿನ್ನದು ಮುಗಿಯುತ್ತಾ? ಶನಿವಾರಾನೂ ಸೇರಿಸ್ಕೋ."

"ನಿಮ್ಮ ಕಣ್ಣಿನ ಡಾಕ್ಟರ ಹತ್ರ ಇನ್ನು ಮೇಲೆ ನೀವೇ ಹೋಗಬೇಕು. ಊರೆಲ್ಲಾ ಬಸ್ಸಲ್ಲಿ ಸುತ್ತಿದವರಿಗೆ ದಾರಿ ಗೊತ್ತಾಗಲ್ವಾ?"

"ದಾರಿ ಗೊತ್ತು. ಕಣ್ಣು ಕಾಣಲ್ಲ ಅಂತಾನೇ ತಾನೆ ಹೋಗೋದು!"

"ಹಾಗಾದ್ರೆ ನಾನು ಬರ್ತೀನಿ, ನಿಮಗೆ ಕಣ್ಣಿಲ್ಲ, ನನಗೆ ಮಂಡಿ ಇಲ್ಲ. ಇಬ್ಬರೂ ಸೇರಿ ಒಬ್ಬ ಮನುಷ್ಯ ಆಗ್ತೀವಿ." ಆಮೇಲೆ ಮಗನ ಕಡೆ ತಿರುಗಿ, "ಏನೋ ಮೇಷ್ಟ್ರೇ, ಪುಟ್ಟಿ ಸ್ಕೂಲು ನಿಂದು. ನಲ್ಲೀನೂ ನಿಂದೇ" ಎಂದರು.

ಮೇಷ್ಟ್ರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದ. "ಅವಳು ಹೇಳಿದ ದಿನವೇ ನಾನಾಗಿ ಹೇಳಬೇಕಿತ್ತು," ಎಂದು ಹೆಂಡತಿಯ ಮುಖ ನೋಡದೆ ಹೇಳಿದ. "ಮೀಟಿಂಗಿಗೆ ನಾನು ಹೋಗ್ತೀನಿ."

"ಅಪ್ಪ ಬಂದ್ರೆ ನಮ್ಮ ಮಿಸ್‌ಗೇ ಪಾಠ ಮಾಡ್ತಾನೆ," ಎಂದಳು ಪುಟ್ಟಿ ಆತಂಕದಿಂದ.

ಕಮಿಟಿಯ ದಿನ ದೊಡ್ಡ ಡಾಕ್ಟರು ಸೊಸೆಯನ್ನು ನೇರವಾಗಿ ಕೇಳಿದರು. "ನಿನ್ನ ಕೈ ಚೆನ್ನಾಗಿದೆ. ಒಂದು ವರ್ಷ ಮುಂಚೆ ಮುಗಿಸಿ ಹೋಗಬಹುದು. ಈ ಲ್ಯಾಬು ನಿನಗೆ ಯಾಕಮ್ಮ ಬೇಕು?"

ಸಿದ್ಧಮಾಡಿಕೊಂಡು ಹೋಗಿದ್ದ ಮಾತೆಲ್ಲ ಅವಳಿಗೆ ಮರೆತುಹೋಯಿತು. "ಹೋದ ವರ್ಷ ಒಬ್ಬರು ಅಂಚೆಯವರು ಬಂದಿದ್ರು ಸರ್. ಅವರ ಕರುಳು ಹೊಲಿದಿದ್ದು ನಾನು. ಪಕ್ಕದಲ್ಲಿ ನೀವೇ ಇದ್ರಿ. ಇಷ್ಟು ಚೆನ್ನಾಗಿರೋ ಹೊಲಿಗೆ ಈಚೆಗೆ ನೋಡಿಲ್ಲ ಅಂದಿದ್ರಿ. ಐದನೇ ದಿನ ಬಿಟ್ಕೊಳ್ತು. ಅವರು ಉಳೀಲಿಲ್ಲ. ಅವರ ಹೆಂಡತಿ ನನ್ನನ್ನ ಕೇಳಿದ್ರು, ಏನು ತಪ್ಪಾಯ್ತು ಅಂತ. ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮ ಹತ್ರಾನೂ ಇರಲಿಲ್ಲ."

ದೊಡ್ಡ ಡಾಕ್ಟರು ಪ್ರೊಫೆಸರ್ ಕಡೆ ತಿರುಗಿದರು. ಪ್ರೊಫೆಸರ್ ಕನ್ನಡಕ ಒರೆಸಿಕೊಂಡು, "ಹೋದ ಎರಡು ವಾರದಲ್ಲಿ ಒಂದೂ ಎಸೆದಿಲ್ಲ ಇವಳು. ಒಂದು ವರ್ಷ ಸಾಕು," ಎಂದರು.

ಮನೆಯಲ್ಲಿ ಅತ್ತೆ ಬೆಳಿಗ್ಗೆಯಿಂದ ಒಂದೇ ಬಟ್ಟೆಯನ್ನು ಮೂರು ಸಲ ಇಸ್ತ್ರಿ ಮಾಡಿದ್ದರು. ಫೋನು ಬಂದಾಗ ಎತ್ತಲು ಹೆದರಿ ಮಾವನಿಗೆ ಕೊಟ್ಟರು. ಮಾವ ಕೇಳಿಸಿಕೊಂಡು, ಹ್ಞೂಂ ಅಂದು, ಫೋನು ಇಟ್ಟು, ಏನೂ ಹೇಳದೆ ನೀರು ಕುಡಿಯಲು ಹೋದರು.

"ಏನ್ರೀ? ಹೇಳ್ರೀ!"

"ಕೊಟ್ರಂತೆ."

ಅತ್ತೆ ಅಲ್ಲೇ ಕೂತುಬಿಟ್ಟರು. ಅಳು ಬಂತು. ಅಳುತ್ತಲೇ, ಆಟವಾಡಿಸಿದ್ದಕ್ಕೆ ಗಂಡನನ್ನು ಬಾಯಿಗೆ ಬಂದಂತೆ ಬೈದರು. ಅಂದು ಶುಕ್ರವಾರವಾಗಿತ್ತು, ಆದರೆ ಕಾನೂನನ್ನು ನೆನಪಿಸುವ ಮನಸ್ಸು ಮಾವನಿಗೂ ಇರಲಿಲ್ಲ.

ಮುಂದಿನ ಮಂಗಳವಾರ ಸೊಸೆ ಮನೆಗೆ ಬಂದಾಗ ಸಂಜೆಯ ಊಟ ಮೇಜಿನ ಮೇಲಿತ್ತು. ಅವಳು ಕೈತೊಳೆದು ಕೂತು, ಸೂಪಿಗೆ ಬ್ರೆಡ್ಡು ಅದ್ದಿಕೊಂಡು ಗಬಗಬನೆ ತಿನ್ನತೊಡಗಿದಳು. ಮುಖ ದಣಿದಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಮನೆಯವರೆಲ್ಲ ಅವಳನ್ನೇ ನೋಡುತ್ತಿದ್ದರು.

"ಇವತ್ತು ಏನಾಯ್ತು ಲ್ಯಾಬಲ್ಲಿ?" ಎಂದರು ಅತ್ತೆ. ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಒಂದು ಅನುಮಾನ ಇತ್ತು ಅತ್ತೆ. ಹೊಲಿಗೆ ಹತ್ರ ರಕ್ತ ಕಡಿಮೆ ಆಗೋದೇ ಕಾರಣ ಇರಬಹುದು ಅಂತ. ಬೆಳಿಗ್ಗೆಯಿಂದ ಒಂದೊಂದೇ ಚೂರು ತೆಗೆದು ನೋಡ್ದೆ. ಎಲ್ಲಾ ನೋಡ್ದೆ."

"ಸಿಕ್ತಾ?" ಎಂದು ಮೇಷ್ಟ್ರು ಮುಂದಕ್ಕೆ ಬಾಗಿದ.

"ಇಲ್ಲ. ಅದಲ್ಲ ಕಾರಣ. ಏನೂ ಸಿಗಲಿಲ್ಲ."

ಅತ್ತೆ ಗಂಡನ ಮುಖ ನೋಡಿದರು, ಮಗನ ಮುಖ ನೋಡಿದರು. "ಏನೂ ಸಿಗದಿದ್ದಕ್ಕೆ ಇಷ್ಟೊಂದು ಖುಷಿ ಪಡ್ತಿದೀಯಲ್ಲೇ?"

"ಇಡೀ ದಿನ ಹುಡುಕಿದೆ ಅತ್ತೆ," ಎಂದಳು ಸೊಸೆ, ಬಾಯಿತುಂಬ ಬ್ರೆಡ್ಡು ಇಟ್ಟುಕೊಂಡೇ. "ಒಂದು ಇಡೀ ದಿನ!"

ಅತ್ತೆ ಎದ್ದು ಹೋಗಿ ಅವಳ ತಟ್ಟೆಗೆ ಇನ್ನೊಂದು ಸೌಟು ಸೂಪು ಹಾಕಿದರು.